ಬಣ್ಣದ ಡಬ್ಬಿ ಮುಚ್ಚಿಡಬೇಡಿ

ಪ್ರೀತಿಯ ಗೆಳೆಯರೇ,

ಕಾದಂಬರಿ ಮುಗಿಯುವವರೆಗೆ ಜಲವರ್ಣ ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬೇಡ. ಜರ್ಮನ್ ಭಾಷೆಯ ಲೇಖಕ ಹರ್ಮನ್ ಹೆಸ್ಸೆಯ ಬದುಕು ನೋಡಿದರೆ ನನ್ನ ಉತ್ತರ ನಿಮಗೇ ಅರ್ಥವಾಗುತ್ತದೆ.

ಹೆಸ್ಸೆ ಚಿತ್ರಕ್ಕೆ ಕೈ ಹಾಕಿದ್ದು 1916ರ ಸುಮಾರಿಗೆ, ನಲವತ್ತರ ಹೊಸ್ತಿಲಲ್ಲಿ. ಅಷ್ಟೊತ್ತಿಗೆ ಹೆಸರಾದ ಕಾದಂಬರಿಕಾರ. ಆದರೆ ಮನುಷ್ಯ ಕುಸಿದುಹೋಗಿದ್ದರು. ಹೊರಗೆ ಮಹಾಯುದ್ಧ. ಮನೆಯಲ್ಲಿ ತಂದೆಯ ಸಾವು, ಹೆಂಡತಿಯ ಮನೋರೋಗ, ಚಿಕ್ಕ ಮಗನ ಕಾಯಿಲೆ. ಚಿಕಿತ್ಸೆ ಕೊಡುತ್ತಿದ್ದ ವೈದ್ಯರೇ ಚಿತ್ರ ಬಿಡಿಸಲು ಹುರಿದುಂಬಿಸಿದರು. 1919ರಲ್ಲಿ ಅವರು ದಕ್ಷಿಣ ಸ್ವಿಟ್ಜರ್ಲೆಂಡಿನ ಮೊಂಟಾನ್ಯೋಲಾ ಎಂಬ ಹಳ್ಳಿಗೆ ಒಬ್ಬರೇ ಬಂದರು. 1962ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರು.

ಅಲ್ಲಿನ ಚಿತ್ರಗಳನ್ನು ನೋಡಿ. ಕೆಂಪು ಹೆಂಚಿನ ಮಾಡು, ದ್ರಾಕ್ಷಿ ತೋಟ, ಮರ, ಸರೋವರ, ಬೆಟ್ಟ. ಜನ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾದಂಬರಿಗಳಲ್ಲಿ ಇವರು ತಮ್ಮ ಒಳಮನಸ್ಸನ್ನು ಕೆದಕಿದ್ದೇ ಕೆದಕಿದ್ದು. ಹಾಳೆಯ ಮುಂದೆ ಕೂತಾಗ ಆ ಗಲಾಟೆಯೆಲ್ಲ ಬಂದ್. ಗೋಡೆಯ ಮೇಲೆ ಬಿಸಿಲು ಎಲ್ಲಿಯವರೆಗೆ ಬಿದ್ದಿದೆ, ಅಷ್ಟೇ ವಿಚಾರ. ನಿಮ್ಮ ಚಿತ್ರಗಳೂ ಹೀಗೆಯೇ ಇರಬೇಕು ಅಂತಲ್ಲ. ಕಾದಂಬರಿಗೆ ಒಗ್ಗದ್ದು ಹೋಗಿ ಕೂರಲು ಒಂದು ಜಾಗ ಬೇಕು, ಅಲ್ವಾ?

ಇನ್ನು, ಜಲವರ್ಣದಲ್ಲಿ ಬಿಸಿಲಿಗೆ ಅಂತ ಬಣ್ಣ ಇಲ್ಲ. ಹಾಳೆಯ ಬಿಳಿಯನ್ನೇ ಬಣ್ಣ ಹಚ್ಚದೆ ಹಾಗೇ ಬಿಡಬೇಕು. ಎಲ್ಲಿ ಬಿಡಬೇಕು ಅನ್ನುವುದನ್ನು ಕುಂಚ ಅದ್ದುವ ಮೊದಲೇ ನೋಡಿಟ್ಟುಕೊಂಡಿರಬೇಕು. ಹಸಿ ನೀಲಿಗೆ ತಾಗಿಸಿ ಹಳದಿ ಇಟ್ಟರೆ ಎರಡೂ ಹರಿದು ಹಸಿರಾಗುತ್ತದೆ; ಒಣಗುವವರೆಗೆ ಕಾಯಲೇಬೇಕು. ಅವಸರದವರಿಗೆ ಇದು ಒಳ್ಳೆ ಮದ್ದು. ನಿಮ್ಮ ಅಧ್ಯಾಯಗಳಲ್ಲಿ ಅವಸರ ಸ್ವಲ್ಪ ಜಾಸ್ತಿಯೇ ಇದೆ.

ಹೆಸ್ಸೆಗೆ ಇದು ಬರೀ ಹವ್ಯಾಸವೂ ಆಗಿರಲಿಲ್ಲ. ಯುದ್ಧದ ನಂತರ ಜರ್ಮನ್ ಮಾರ್ಕ್ ಬೆಲೆ ಕಳೆದುಕೊಂಡು ಪುಸ್ತಕದ ಗೌರವಧನ ಯಾವುದಕ್ಕೂ ಸಾಲದಾಯಿತು. ಆಗ ಅವರು ಕವಿತೆಗಳನ್ನು ಕೈಯಲ್ಲೇ ಬರೆದು, ಜೊತೆಗೆ ಪುಟ್ಟ ಚಿತ್ರ ಬಿಡಿಸಿ ಮಾರಿದರು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಸರಿನ ಭಾರದ ಮಾತೂ ಇದೆ. 1919ರಲ್ಲಿ ಅವರು ಒಂದು ಕಾದಂಬರಿಯನ್ನು ಎಮಿಲ್ ಸಿಂಕ್ಲೇರ್ ಎಂಬ ಸುಳ್ಳು ಹೆಸರಲ್ಲಿ ಹೊರತಂದರು. ಚಿತ್ರಕ್ಕೆ ಅದೂ ಬೇಕಿರಲಿಲ್ಲ. ಚಿತ್ರಕಾರರಾಗಿ ಅವರು ಹೇಗೂ ಯಾರೂ ಅಲ್ಲ. ಈ ನಿರಾಳ ನಿಮಗೀಗ ಸುಮ್ನೆ ಸಿಕ್ಕಿದೆ.

ಒಂದು ತಕರಾರು. ನಿಮ್ಮ ಮೂರನೇ ಅಧ್ಯಾಯದ ಸಂಜೆಯಲ್ಲಿ ಕಡುನೀಲಿ, ನಸುಗೆಂಪು, ಕೇಸರಿ ಎಲ್ಲ ಇವೆ. ಆದರೆ ಬಾಗಿಲಲ್ಲಿ ನಿಂತ ಹೆಂಗಸಿನ ಮುಖಕ್ಕೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ನನಗೆ ತಿಳಿಯಲಿಲ್ಲ. ಚಿತ್ರ ಬಿಡಿಸುವವರು ಇದನ್ನು ಮರೆತರೆ ಹೇಗೆ? ಬಣ್ಣದ ಹೆಸರುಗಳನ್ನು ಹೊಡೆದುಹಾಕಿ, ಬೆಳಕು ಸರಿಮಾಡಿ, ಆ ಪುಟ ಮತ್ತೆ ಕಳಿಸಿ. ಚಿತ್ರಗಳನ್ನು ಮಾತ್ರ ಕಳಿಸಬೇಡಿ. ಸದ್ಯಕ್ಕೆ ಅವುಗಳ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಬೇಡ.

ನಿಮ್ಮ ವಿಶ್ವಾಸಿ