ಪ್ಯಾರಿಸ್ ಪ್ರವಾಸದ ವೇಳಾಪಟ್ಟಿಯ ಲೋಪ ಮತ್ತು ತಮ್ಮ ಸಿಬ್ಬಂದಿಯ ವರ್ತನೆ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ನಾನು ಮತ್ತು ನನ್ನ ಪತ್ನಿ ತಮ್ಮ ಸಂಸ್ಥೆಯ ಪ್ಯಾರಿಸ್ ಪ್ರವಾಸಕ್ಕೆ ಮುಂಗಡ ಕಟ್ಟಿದ್ದೇವೆ. ಫೋನಿನಲ್ಲಿ ವಿನಯದಿಂದ ಹೇಳಿದ್ದಾಯಿತು, ಇಮೇಲ್ ಕಳಿಸಿ ಉತ್ತರಕ್ಕೆ ಕಾದದ್ದೂ ಆಯಿತು. ಯಾವುದೂ ಫಲ ಕೊಡದ ಕಾರಣ ಈ ಪತ್ರ ಬರೆಯಬೇಕಾಗಿದೆ.

ತಾವು ಕೊಟ್ಟಿರುವ ವೇಳಾಪಟ್ಟಿಯಲ್ಲಿ ಸೋಮವಾರ ವರ್ಸೇಲ್ಸ್ ಅರಮನೆ, ಮಂಗಳವಾರ ಲೂವ್ರ್ ವಸ್ತುಸಂಗ್ರಹಾಲಯ ಎಂದಿದೆ. ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ ರಜೆ. ಇವೆರಡರ ಜಾಲತಾಣ ತೆರೆದರೆ ಮೊದಲ ಪುಟಗಳಲ್ಲೇ ಸಿಗುವ ಮಾಹಿತಿಯಿದು. ಆ ಎರಡು ದಿನಗಳ ಕಾರ್ಯಕ್ರಮವನ್ನು ಅದಲುಬದಲು ಮಾಡಿದರೆ ಎರಡೂ ತೆರೆದಿರುತ್ತವೆ, ಹೋಟೆಲ್ಲಾಗಲೀ ವಿಮಾನವಾಗಲೀ ಬದಲಾಗಬೇಕಿಲ್ಲ. ನಾನು ಕೇಳಿದ್ದು ಇಷ್ಟನ್ನೇ.

ಅದಕ್ಕೆ ತಮ್ಮ ಕಚೇರಿಯ ಸಿಬ್ಬಂದಿಯೊಬ್ಬರಿಂದ ಬಂದ ಉತ್ತರವನ್ನು ತಾವು ಓದಲೇಬೇಕು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅವರು, "ಸರ್, ನೀವು ಮೊದಲು ಪ್ಯಾರಿಸ್‌ಗೆ ಹೋಗಿದ್ದೀರಾ?" ಎಂದರು. ಇಲ್ಲ ಎಂದೆ. "ಹಾಗಾದರೆ ನಮಗೆ ಬಿಡಿ, ನಾವು ವರ್ಷವಿಡೀ ಜನರನ್ನು ಕಳಿಸುತ್ತೇವೆ" ಎಂದರು. ಮಂಗಳವಾರ ಬಾಗಿಲೇ ತೆರೆಯುವುದಿಲ್ಲವಲ್ಲ ಎಂದು ಮತ್ತೆ ಕೇಳಿದಾಗ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದವರಿಗೆ, "ಇವರಿಗೆ ಒಳಗೇ ಹೋಗಬೇಕಂತೆ" ಎಂದರು. ಅಲ್ಲಿ ನಗು ಕೇಳಿಸಿತು. ಆಮೇಲೆ ನನಗೆ, "ಅಂಕಲ್, ಹೊರಗೆ ಗಾಜಿನ ಪಿರಮಿಡ್ ಇದೆ, ಅದರ ಮುಂದೆ ಫೋಟೋ ತೆಗೆಸಿಕೊಳ್ಳಿ, ಎಲ್ಲರೂ ಮಾಡುವುದು ಅಷ್ಟೇ. ಈ ವಯಸ್ಸಿನಲ್ಲಿ ಒಳಗೆ ಅಷ್ಟು ದೂರ ನಡೆಯೋಕಾಗುತ್ತಾ?" ಎಂದು ಹೇಳಿ ಫೋನಿಟ್ಟರು. ನನ್ನ ಪತ್ನಿ ಪಕ್ಕದಲ್ಲೇ ಕುಳಿತು ಇದೆಲ್ಲವನ್ನೂ ಕೇಳಿಸಿಕೊಂಡಳು.

ನಾನು ನಿವೃತ್ತ ಚಿತ್ರಕಲಾ ಶಿಕ್ಷಕ. ಲೂವ್ರ್‌ನಲ್ಲಿರುವ, ಸಮೋಥ್ರೇಸ್ ಎಂಬ ಗ್ರೀಕ್ ದ್ವೀಪದ ರೆಕ್ಕೆಯ ವಿಜಯದೇವತೆಯ ಶಿಲ್ಪವನ್ನು ಪಠ್ಯಪುಸ್ತಕದ ಮಸುಕು ಮುದ್ರಣದಲ್ಲಿ ಮಕ್ಕಳಿಗೆ ತೋರಿಸುತ್ತಲೇ ಸೇವೆ ಮುಗಿಸಿದೆ. ತಲೆಯಿಲ್ಲದ ಆ ದೇಹದ ಮೇಲೆ ಬಟ್ಟೆ ಗಾಳಿಗೆ ಅಂಟಿಕೊಂಡಿರುವ ಬಗೆಯನ್ನು ಮೆಟ್ಟಿಲ ಬುಡದಲ್ಲಿ ನಿಂತು ನೋಡಬೇಕೆಂಬ ಕಾರಣಕ್ಕೇ ಈ ಪ್ರವಾಸ. ಪಿರಮಿಡ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳಲು ನಾನು ಹಣ ಕಟ್ಟಿಲ್ಲ.

ಇನ್ನೊಂದು ಸಂಗತಿ. ತಮ್ಮ ಬಿಲ್ಲಿನಲ್ಲಿ 'ನೋಟ್ರ್ ಡಾಮ್ ಪ್ರವೇಶ ಟಿಕೆಟ್' ಎಂದು ತಲಾ ಶುಲ್ಕ ಹಾಕಲಾಗಿದೆ. 2019ರ ಏಪ್ರಿಲ್ 15ರ ಬೆಂಕಿಯ ನಂತರ ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ಆ ಚರ್ಚಿನ ಒಳಗೆ ಹೋಗಲು ಇಂದಿಗೂ ಹಣ ಕೊಡಬೇಕಿಲ್ಲ. ಗೋಪುರ ಹತ್ತುವುದಕ್ಕೆ ಬೇರೆ ಟಿಕೆಟ್ ಇದೆ ನಿಜ, ಆದರೆ ತಮ್ಮ ಪಟ್ಟಿಯಲ್ಲಿ ಗೋಪುರದ ಮಾತೇ ಇಲ್ಲ. ಹಾಗಾದರೆ ಈ ಹಣ ಯಾರಿಗೆ ಹೋಗುತ್ತದೆ?

ತಮ್ಮನ್ನು ನಂಬಿಯೇ ನಾವು ತಲಾ 90 ಯೂರೊ ವೀಸಾ ಶುಲ್ಕ ಕಟ್ಟಿದೆವು, ವೀಸಾ ನಿಯಮದಂತೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯನ್ನೂ ಮಾಡಿಸಿದೆವು. ಈಗ ಹಿಂದೆ ಸರಿದರೆ ವೀಸಾ ಶುಲ್ಕ ವಾಪಸು ಬರುವುದಿಲ್ಲ ಎಂಬುದು ತಮ್ಮ ಸಿಬ್ಬಂದಿಗೆ ಚೆನ್ನಾಗಿ ಗೊತ್ತಿದೆ. ಆ ಧೈರ್ಯದಿಂದಲೇ ಅವರು ಹಾಗೆ ಮಾತನಾಡಿದರು ಎಂದು ನಾನು ನಂಬಿದ್ದೇನೆ.

ಕಾರ್ಯಕ್ರಮದಲ್ಲಿ ನಮೂದಿಸಿದ ಸ್ಥಳವನ್ನು ತೋರಿಸದಿದ್ದರೆ ಏನು ಮಾಡಬೇಕೆಂಬ ತಮ್ಮದೇ ಷರತ್ತನ್ನು ತಮಗೆ ನಾನು ಓದಿ ಹೇಳಬೇಕಿಲ್ಲ. ತಿದ್ದಿದ ವೇಳಾಪಟ್ಟಿ, ನೋಟ್ರ್ ಡಾಮ್ ಹೆಸರಿನಲ್ಲಿ ಪಡೆದ ಹಣ ಮತ್ತು ಆ ಸಿಬ್ಬಂದಿಯ ಲಿಖಿತ ಕ್ಷಮಾಪಣೆ, ಈ ಮೂರೂ ಹದಿನೈದು ದಿನಗಳೊಳಗೆ ನನ್ನ ಕೈ ಸೇರಬೇಕು. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ನಾನು ವಾಸವಿರುವ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ದಾಖಲಿಸುತ್ತೇನೆ. ಪ್ರತಿ ವಾಯಿದೆಗೂ ಬೆಂಗಳೂರಿನಿಂದ ಬರಬೇಕಾದವರು ತಾವು. ಈ ಪತ್ರದ ಪ್ರತಿಯನ್ನು ನಮ್ಮ ತಂಡದ ಉಳಿದ ಪ್ರಯಾಣಿಕರಿಗೂ ಈಗಾಗಲೇ ಕಳಿಸಿದ್ದೇನೆ.

ಇತಿ,
ತಮ್ಮ ಗ್ರಾಹಕ,
ನಿವೃತ್ತ ಚಿತ್ರಕಲಾ ಶಿಕ್ಷಕ, ದಾವಣಗೆರೆ