ಆ ಮರಳನ್ನು ಗಂಭೀರವಾಗಿ ತೆಗೆದುಕೊಂಡವರಿಗೆ

ಮೂರ್ಛೆ ರೋಗಕ್ಕೆಂದು ನಡೆಸಿದ ನನ್ನ ಮಗಳ ಕೀಟೋಜೆನಿಕ್ ಪಥ್ಯ ಕಳೆದ ವಾರ ಮುಗಿಯಿತು. ನಾಲ್ಕು ಪಾಲು ಕೊಬ್ಬಿಗೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಸೇರಿ ಒಂದೇ ಪಾಲು. ಈ ಲೆಕ್ಕದಲ್ಲಿ ಎರಡು ವರ್ಷ ಪ್ರತಿ ತುತ್ತನ್ನೂ ತೂಗಿ ಉಣಿಸಿದೆವು. ಮೂರು ಔಷಧಿಗಳಿಗೆ ಬಗ್ಗದ ಮೂರ್ಛೆ ಇದಕ್ಕೆ ಬಗ್ಗಿತು. ಹದಿನಾರು ತಿಂಗಳಿಂದ ಒಮ್ಮೆಯೂ ಬಂದಿಲ್ಲ.

ಎಂಟನೆಯ ತಿಂಗಳಲ್ಲಿ ಇದೆಲ್ಲ ಕೈತಪ್ಪುತ್ತದೆಂದು ಹೆದರಿದ್ದೆ. ಎರಡು ದಿನದಿಂದ ಮೂತ್ರ ಮಾಡಲು ಅಳುತ್ತಿದ್ದಳು, ಹಟವೆಂದುಕೊಂಡೆ. ಈ ಪಥ್ಯದಲ್ಲಿ ಕೊಬ್ಬು ಕರಗಿ ಕೀಟೋನ್ ಆಗುತ್ತದೆ; ಅದು ಮೂತ್ರದಲ್ಲಿದೆಯೇ ಎಂದು ನೋಡಲು ಬೆಳಗ್ಗೆ ಕೀಟೋನ್ ಪಟ್ಟಿ ಅದ್ದಿದಾಗ ಬಣ್ಣ ಕಡು ನೇರಳೆಗೆ ತಿರುಗಿತು, ಸಮಾಧಾನವಾಯಿತು. ಆದರೆ ಲೋಟದ ತಳದಲ್ಲಿ ಸಣ್ಣ ಮರಳಿನಂತಹದು ಕೂತಿತ್ತು. ಸಂಕೋಚದಿಂದಲೇ ಆಹಾರ ತಜ್ಞೆಗೆ ಫೋನ್ ಮಾಡಿದೆ. "ಚೆಲ್ಲಬೇಡಿ, ಹಾಗೆಯೇ ತನ್ನಿ" ಎಂದರು. ಮೇಡಂ, ನಿಮ್ಮ ಆ ಮಾತಿಗೆ ನಾನು ಜೀವನವಿಡೀ ಋಣಿ.

ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿತ್ತು, ಕ್ಯಾಲ್ಸಿಯಂ ಹೆಚ್ಚಿತ್ತು. ಸ್ಕ್ಯಾನಿಂಗ್‌ನಲ್ಲಿ ಎಡ ಮೂತ್ರಪಿಂಡದಲ್ಲಿ ಪುಟ್ಟ ಕಲ್ಲುಗಳು ಕಂಡವು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು: ಈ ಪಥ್ಯದಲ್ಲಿ ದೇಹದಲ್ಲಿ ಆಮ್ಲ ಹೆಚ್ಚುತ್ತದೆ, ಕ್ಯಾಲ್ಸಿಯಂ ಮೂತ್ರಕ್ಕೆ ಹರಿಯುತ್ತದೆ, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಕುಗ್ಗುತ್ತದೆ, ಆಮ್ಲೀಯ ಮೂತ್ರದಲ್ಲಿ ಯೂರಿಕ್ ಆಮ್ಲವೂ ಹರಳುಗಟ್ಟುತ್ತದೆ. ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಹೀಗಾಗುತ್ತದಂತೆ. ಮೂರ್ಛೆಗೆಂದು ಅವಳು ತೆಗೆದುಕೊಳ್ಳುತ್ತಿದ್ದ ಟೋಪಿರಮೇಟ್ ಕೂಡ ಸಿಟ್ರೇಟನ್ನು ತಗ್ಗಿಸುವ ಔಷಧಿ. ಇನ್ನೊಂದು ತಪ್ಪು ನನ್ನದೇ. ನೀರು ಕಡಿಮೆಯಾದರೆ ಕೀಟೋನ್ ಚೆನ್ನಾಗಿ ಏರುತ್ತದೆಂದು ನಂಬಿ ಅಳೆದು ಕೊಡುತ್ತಿದ್ದೆ. ಹಿಂದೆ ವೈದ್ಯರೇ ಹಾಗೆ ನೀರು ಮಿತಗೊಳಿಸುತ್ತಿದ್ದರಂತೆ, ಆ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಇದನ್ನು ಹೇಳುವಾಗ ಡಾಕ್ಟರ ದನಿಯಲ್ಲಿ ಆಕ್ಷೇಪದ ಎಳೆಯೂ ಇರಲಿಲ್ಲ.

ಪಥ್ಯ ನಿಲ್ಲಿಸಿಬಿಡಿ ಎಂದು ಬೇಡಿಕೊಂಡವಳು ನಾನು. ಅವರು ನಿಲ್ಲಿಸಲಿಲ್ಲ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟರು, ನೀರು ಹೆಚ್ಚಿಸಿದರು, ಟೋಪಿರಮೇಟನ್ನು ನಿಧಾನವಾಗಿ ಇಳಿಸಿದರು. ಕಲ್ಲುಗಳು ಶಸ್ತ್ರಚಿಕಿತ್ಸೆಯಿಲ್ಲದೆ ಹೊರಬಿದ್ದವು. ಆ ಧೈರ್ಯಕ್ಕೆ ನಮಸ್ಕಾರ, ಡಾಕ್ಟರೇ.

ಸಿಟ್ರೇಟ್ ದ್ರಾವಣವನ್ನು ಬಾಯಿಗಿಟ್ಟೊಡನೆ ಮಗಳು ಉಗುಳುತ್ತಿದ್ದಳು. ಊಟದ ನಂತರ ನೀರು ಬೆರೆಸಿ ಗುಟುಕು ಗುಟುಕಾಗಿ ಕುಡಿಸಲು ಕಲಿಸಿದ ನರ್ಸ್ ಅಕ್ಕನಿಗೂ, ಸಕ್ಕರೆ ಬೆರೆಸದ ದ್ರಾವಣ ಹುಡುಕಿಕೊಟ್ಟ ಔಷಧಿ ಅಂಗಡಿಯವರಿಗೂ ವಂದನೆ. ಪಾಠದ ನಡುವೆ ಕೇಳದೆಯೇ ಶೌಚಾಲಯಕ್ಕೆ ಎದ್ದು ಹೋಗಲು ಬಿಟ್ಟು, ನೀರಿನ ಬಾಟಲಿ ಖಾಲಿಯಾಯಿತೇ ಎಂದು ದಿನವೂ ನೋಡುತ್ತಿದ್ದ ಟೀಚರಿಗೆ ಎಷ್ಟು ಹೇಳಿದರೂ ಸಾಲದು.

ಕಳೆದ ವಾರದ ಸ್ಕ್ಯಾನಿಂಗ್‌ನಲ್ಲಿ ಎರಡೂ ಮೂತ್ರಪಿಂಡಗಳು ಸ್ವಚ್ಛವಾಗಿವೆ. ನೀರಿನ ಲೆಕ್ಕದ ಪುಸ್ತಕವನ್ನು ಎತ್ತಿಡಲು ಹೋದರೆ ಮಗಳು ಬಿಡಲಿಲ್ಲ. ನಿನ್ನೆ ರಾತ್ರಿಯೂ ಖಾಲಿ ಲೋಟ ಹಿಡಿದು ಬಂದು, "ಅಮ್ಮಾ, ಬರೆದುಕೋ" ಎಂದಳು. ಬರೆದುಕೊಂಡೆ.