ತುಂಬಿಯೇ ಉಳಿದಿದ್ದ ಹೂಜಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ನಾಲ್ಕು ದಿನಗಳಾದವು. ನರ್ಸಿಂಗ್ ಪರೀಕ್ಷೆ, ವಸತಿ, ರಾತ್ರಿ ಪಾಳಿ ಇವುಗಳ ವಿಷಯವನ್ನೆಲ್ಲ ನಿನ್ನ ಅಮ್ಮ ಮೊದಲೇ ಹೇಳಿದ್ದರಿಂದ ಅವುಗಳಿಗೆ ಉತ್ತರ ಬರೆಯುತ್ತಿಲ್ಲ. ಸೊಂಟದ ಮೂಳೆ ಮುರಿದು ಮಲಗಿರುವ ಆ ಹಿರಿಯ ಹೆಂಗಸಿನ ಬೆಡ್‌ಪ್ಯಾನ್ ತೆಗೆಯುವಾಗ ನಿನಗೆ ಓಕರಿಕೆ ಬಂತೆಂದೂ, ಮುಖ ತಿರುಗಿಸುವಷ್ಟರಲ್ಲಿ ಅವರು ನೋಡಿಬಿಟ್ಟರೆಂದೂ, "ತಪ್ಪಾಯಿತಮ್ಮ" ಎಂದು ಅವರೇ ನಿನ್ನ ಕ್ಷಮೆ ಕೇಳಿದರೆಂದೂ ಬರೆದಿದ್ದೀಯೆ. ನನ್ನ ಮುಖದಲ್ಲಿ ಹೇಸಿಗೆ ಕಂಡಿರಬಹುದೇ, ಕಂಡಿದ್ದರೆ ನಾನು ಈ ಕೆಲಸಕ್ಕೆ ತಕ್ಕವಳೇ ಎಂದು ಕೇಳಿದ್ದೀಯೆ. ಅದರ ಕೆಳಗೆ, ಪತ್ರ ಮುಗಿಸುವ ಆತುರದಲ್ಲಿ, ಇನ್ನೊಂದು ವಾಕ್ಯ ಸೇರಿಸಿದ್ದೀಯೆ: "ಈಗ ಅವರು ನನ್ನನ್ನು ಅಷ್ಟಾಗಿ ಕರೆಯುವುದೇ ಇಲ್ಲ." ನೆಮ್ಮದಿಯಿಂದ ಬರೆದೆಯೋ ನೋವಿನಿಂದ ಬರೆದೆಯೋ ತಿಳಿಯಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಂಡಿರಬಹುದೇ ಎಂದು ಕೇಳಿದೆಯಲ್ಲ, ಕಂಡಿದೆ. ಸುಳ್ಳು ಸಮಾಧಾನ ಹೇಳಲಾರೆ. ಹಾಸಿಗೆ ಹಿಡಿದವರಿಗೆ ದಿನವಿಡೀ ನೋಡಲು ಇರುವುದು ಚಾವಣಿ, ಬಾಗಿಲು ಮತ್ತು ಬಂದು ಹೋಗುವವರ ಮುಖ. ಆ ಮುಖಗಳಲ್ಲಿ ಆಗುವ ಚಿಕ್ಕ ಬದಲಾವಣೆಯೂ ಅವರಿಗೆ ತಿಳಿಯುತ್ತದೆ. ಆದರೆ ಓಕರಿಕೆ ಬಂದದ್ದಕ್ಕಾಗಿ ನಿನ್ನನ್ನು ನೀನೇ ಹಳಿದುಕೊಳ್ಳಬೇಡ. ವಾಸನೆಗೆ ಹೊಟ್ಟೆ ತೊಳಸುವುದು ದೇಹದ ಸ್ವಭಾವ, ಅದಕ್ಕೂ ನಿನ್ನ ಗುಣಕ್ಕೂ ಸಂಬಂಧವಿಲ್ಲ. ಸೇವೆಯ ಕೊನೆಯ ವರ್ಷದಲ್ಲಿಯೂ ಕೆಲವು ವಾಸನೆಗಳಿಗೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ತಕ್ಕವಳೋ ಅಲ್ಲವೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡು. ನನ್ನನ್ನು ಕಾಡುತ್ತಿರುವುದು ಆ ಕೊನೆಯ ವಾಕ್ಯ.

ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ನಿನಗೆ ಬರೆಯುತ್ತೇನೆ. ನಾನು ತರಬೇತಿಯ ಎರಡನೆಯ ವರ್ಷದಲ್ಲಿದ್ದಾಗ, ತೊಡೆಯ ಮೂಳೆ ಮುರಿದು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಒಬ್ಬ ಮೇಷ್ಟರು ನಮ್ಮ ವಾರ್ಡಿನಲ್ಲಿದ್ದರು. ಎದ್ದು ಕೂರುವಂತಿರಲಿಲ್ಲ, ಎಲ್ಲವೂ ಹಾಸಿಗೆಯಲ್ಲೇ ಆಗಬೇಕಿತ್ತು. ಒಂದು ಬೆಳಿಗ್ಗೆ ಯೂರಿನಲ್ ಒಯ್ಯುವಾಗ ಅದು ತುಳುಕಿ ನನ್ನ ತೋಳಿನ ಮೇಲೆ ಬಿತ್ತು. ನಾನು ಬಾಯಲ್ಲಿ ಏನೂ ಅನ್ನಲಿಲ್ಲ, ಮುಖ ಮಾತ್ರ ಹಿಂಡಿಕೊಂಡಿತು. ಅವರು ನೋಡಿದರು, ಗೋಡೆಯ ಕಡೆ ತಿರುಗಿಕೊಂಡರು. ಅಂದಿನಿಂದ ಅವರು ಕರೆಯುವುದು ಕಡಿಮೆಯಾಯಿತು. ನೀರು ಕೊಡಲೇ ಎಂದರೆ "ಬಾಯಾರಿಕೆಯಿಲ್ಲ" ಎನ್ನುತ್ತಿದ್ದರು. ನನಗೆ ಅದು ಅನುಕೂಲವೇ ಆಯಿತು. ತೊಂದರೆ ಕೊಡದ ರೋಗಿ ಎಂದು ಗೆಳತಿಯರ ಮುಂದೆ ಹೊಗಳಿದ್ದೂ ಉಂಟು.

ಮೂರನೆಯ ದಿನ ಹಿರಿಯ ಸಿಸ್ಟರ್ ಸುತ್ತು ಬಂದಾಗ ಅವರ ತಲೆಯ ಬಳಿ ಇದ್ದ ಹೂಜಿಯನ್ನು ಎತ್ತಿ ನೋಡಿದರು. ಕುತ್ತಿಗೆಯವರೆಗೂ ನೀರಿತ್ತು, ಮೇಲೆ ತೆಳುವಾಗಿ ಧೂಳು ಕಟ್ಟಿತ್ತು, ಬೋರಲಾಗಿ ಮುಚ್ಚಿದ್ದ ಲೋಟದ ಒಳಮೈ ಪೂರ್ತಿ ಒಣಗಿತ್ತು. "ಇದನ್ನು ಯಾರಿಗೆಂದು ತುಂಬಿಟ್ಟಿದ್ದೀಯೆ?" ಎಂದರು. ಆ ಹೊತ್ತಿಗೆ ಮೇಷ್ಟರ ನಾಲಿಗೆ ಸೀಳುಬಿಟ್ಟಿತ್ತು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತ್ತು, ಹಿಂದಿನ ರಾತ್ರಿ ಅವರು ಗೊತ್ತುಗುರಿಯಿಲ್ಲದೆ ಮಾತನಾಡಿದ್ದರಂತೆ. ಮೂತ್ರದಲ್ಲಿ ಸೋಂಕು ತಗುಲಿ ಚಳಿಜ್ವರವೂ ಬಂತು. ಗುಣವಾದರು ಎಂಬುದು ನನ್ನ ಪುಣ್ಯ. ಮನೆಗೆ ಹೊರಡುವ ದಿನ ಅವರು ನನ್ನನ್ನೇ ಕರೆಸಿ ಹರಸಿದರು. ನಾನು ತಲೆ ತಗ್ಗಿಸಿ ನಿಂತು ಹರಕೆ ಪಡೆದೆನೇ ಹೊರತು, ನೀವು ನೀರು ಬಿಟ್ಟದ್ದು ನನ್ನ ಮುಖ ನೋಡಿ ಎಂಬುದು ನನಗೆ ಗೊತ್ತಿದೆ ಎಂದು ಹೇಳಲಿಲ್ಲ. ಹೇಳಬೇಕಿತ್ತು.

ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಅವರು ಪಟ್ಟಿ ಮಾಡಿದ ರೋಗಿಯ 14 ಮೂಲ ಅಗತ್ಯಗಳನ್ನು ನೀನೂ ಬಾಯಿಪಾಠ ಮಾಡಿರುತ್ತೀಯೆ: ಉಸಿರಾಟ ಮೊದಲನೆಯದು, ಆಹಾರ ಮತ್ತು ನೀರು ಎರಡನೆಯದು, ಮಲಮೂತ್ರ ವಿಸರ್ಜನೆ ಮೂರನೆಯದು. ನಾವೂ ಒಪ್ಪಿಸಿ ಅಂಕ ಪಡೆದವರೇ. ಮೂರನೆಯದಕ್ಕೆ ನಾಚಿಕೆ ಅಡ್ಡ ಬಂದರೆ ರೋಗಿ ಎರಡನೆಯದನ್ನೇ ಬಿಟ್ಟುಬಿಡುತ್ತಾನೆ ಎಂಬುದು ನನಗೆ ಆ ಹೂಜಿಯಿಂದ ತಿಳಿಯಿತು. ಕುಡಿಯದಿದ್ದರೆ ಕೇಳಬೇಕಾಗಿಲ್ಲ ಎಂಬುದು ಅವರ ಲೆಕ್ಕ. ಅಲುಗಾಡದೆ ಮಲಗಿದವರ ಕರುಳು ಮೊದಲೇ ನಿಧಾನವಾಗಿರುತ್ತದೆ, ಮೂಳೆಯಿಂದ ಸುಣ್ಣದ ಅಂಶ ಕರಗಿ ಮೂತ್ರಕ್ಕೆ ಇಳಿಯುತ್ತಿರುತ್ತದೆ. ನೀರೂ ತಪ್ಪಿದರೆ ಮಲ ಗಟ್ಟಿಯಾಗುವುದು, ಕಲ್ಲು ಕಟ್ಟುವುದು, ಸೋಂಕು ಏರುವುದು ಒಂದರ ಹಿಂದೆ ಒಂದಾಗಿ ಬರುತ್ತವೆ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಮಂದವಾಗಿರುವುದರಿಂದ ಅವರು "ಬೇಡ" ಎಂದಾಗ ನಂಬುವುದೂ ಸುಲಭ. ದಾದಿಯ ಮುಖ ನೋಡಿ ನೀರು ಬಿಟ್ಟರು ಎಂದು ಯಾವ ಚಾರ್ಟಿನಲ್ಲೂ ಬರೆದಿರುವುದಿಲ್ಲ.

ಆ ಘಟನೆಯ ನಂತರ ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮುಖದಲ್ಲಿ ಏನೂ ಕಾಣಬಾರದೆಂದು ಕಲ್ಲಿನಂತೆ ಇರಲು ಕಲಿತೆ, ಅದಕ್ಕೂ ರೋಗಿಗಳು ಹೆದರಿದರು. ಆಮೇಲೆ ನಗುವುದನ್ನು ರೂಢಿಸಿಕೊಂಡೆ. ಹೊಲಸು ಎತ್ತುತ್ತಾ ನಗುವವಳನ್ನು ಕಂಡರೆ ಯಾರಿಗಾದರೂ ಮುಜುಗರವೇ. ಮುಖವನ್ನು ಹೇಗಿಡಬೇಕೆಂಬ ಚಿಂತೆಯಲ್ಲೇ ಐದಾರು ವರ್ಷ ಕಳೆದ ಮೇಲೆ, ಕೈ ತನ್ನ ಕೆಲಸದಲ್ಲಿ ಪೂರ್ತಿ ತೊಡಗಿದ್ದರೆ ಮುಖ ತಾನಾಗಿ ಸರಿಯಿರುತ್ತದೆ ಎಂಬುದು ತಡವಾಗಿ ಹೊಳೆಯಿತು. ನಿನಗೆ ಬೇಗ ಹೊಳೆದರೆ ಒಳ್ಳೆಯದು. ಬರಿಯ ಮಾತಿನಿಂದ ಹೊಳೆಯುವಂಥದ್ದಲ್ಲವೇನೋ.

ಹಾಗಾಗಿ ಕೈಯ ವಿಷಯ ಒಂದೆರಡು ಹೇಳುತ್ತೇನೆ. ಕಾಲೇಜಿನಲ್ಲಿ ಇದಕ್ಕಿಂತ ಚೆನ್ನಾಗಿ ಕಲಿಸಿರುತ್ತಾರೆ, ಹಳಬಳ ಮಾತು ಎಂದು ಬೇಕಾದ್ದನ್ನಷ್ಟೇ ಇಟ್ಟುಕೋ. ಪರದೆ ಎಳೆಯುವ ಮೊದಲೇ ನೀರು, ಬಟ್ಟೆ, ಕೈಗವಸು, ಮುಚ್ಚಳ ಎಲ್ಲವೂ ಕೈಗೆಟುಕುವಂತಿರಲಿ. ನಡುವೆ ಮರೆತದ್ದನ್ನು ತರಲು ಓಡಿದರೆ ಅವರು ತೆರೆದ ಮೈಯಲ್ಲಿ ಕಾಯುತ್ತಾರೆ. ಬೆಡ್‌ಪ್ಯಾನನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ ಕೊಡು. ತಣ್ಣನೆಯ ಲೋಹ ತಾಗಿದ ಕೂಡಲೇ ಮೈ ಬಿಗಿಯುತ್ತದೆ, ಬರಬೇಕಾದದ್ದು ಬರುವುದಿಲ್ಲ. ಸೊಂಟ ಮುರಿದವರಿಗೆ ಒಂದು ಅಂಚು ಚಪ್ಪಟೆಯಾಗಿರುವ ಪ್ಯಾನ್ ಇರುತ್ತದೆ. ಆ ಚಪ್ಪಟೆ ಅಂಚು ಬೆನ್ನಿನ ಕಡೆಗೆ ಹೋಗಬೇಕು. ತೆಗೆಯುವಾಗ ಎಳೆಯಬೇಡ, ಚರ್ಮ ಸುಲಿಯುತ್ತದೆ. ವೈದ್ಯರು ಒಪ್ಪಿದ ಮಗ್ಗುಲಿಗೆ ಇನ್ನೊಬ್ಬರ ನೆರವಿನಿಂದ ಹೊರಳಿಸಿ, ಪ್ಯಾನನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ತೆಗೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿದೆ. ಒರೆಸುವಾಗಲೇ ಬೆನ್ನಿನ ಕೆಳಭಾಗ ನೋಡಿಬಿಡು. ಕೆಂಪಾದ ಜಾಗ ಒತ್ತಿದಾಗ ಬಿಳಿಚದಿದ್ದರೆ ಬೆಡ್ ಸೋರ್, ಅಂದರೆ ಮಲಗಿಯೇ ಇರುವುದರಿಂದ ಆಗುವ ಹುಣ್ಣು, ಆಗಲೇ ಶುರುವಾಗಿದೆ ಎಂದರ್ಥ. ಅದನ್ನು ತಿಕ್ಕಬೇಡ. ನಮ್ಮ ಕಾಲದಲ್ಲಿ ಸ್ಪಿರಿಟ್ ಹಚ್ಚಿ ತಿಕ್ಕುತ್ತಿದ್ದೆವು, ಆ ಬೆನ್ನುಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಮತ್ತೆ ಮುಖದ ಮಾತಿಗೇ ಬರುತ್ತೇನೆ. ಪ್ಯಾನ್ ತೆಗೆದ ತಕ್ಷಣ ಮುಚ್ಚಿಬಿಡು. ಮುಚ್ಚಳವಿಲ್ಲದ ಪಾತ್ರೆಯನ್ನು ರೋಗಿಯ ಕೋಣೆಯಲ್ಲಿ ಬಳಸಲೇಬಾರದೆಂದು ಫ್ಲಾರೆನ್ಸ್ ನೈಟಿಂಗೇಲ್ 150 ವರ್ಷಗಳಿಗೂ ಹಿಂದೆ ಬರೆದರು. ಅವರಿಗೆ ಗಾಳಿ ಕೆಡುವ ಚಿಂತೆಯಿತ್ತು, ನನಗೆ ಕಂಡಂತೆ ಅದು ರೋಗಿಯ ಮಾನವನ್ನೂ ನಿನ್ನ ಮುಖವನ್ನೂ ಕಾಯುತ್ತದೆ. ಮೂಗಿನ ಬದಲು ಬಾಯಿಂದ ಉಸಿರಾಡು. ಬಣ್ಣ, ಪ್ರಮಾಣ, ರಕ್ತವಿದೆಯೇ ಎಂಬುದನ್ನು ಅವರ ಎದುರಿಗಲ್ಲ, ತೊಳೆಯುವ ಕೋಣೆಗೆ ಹೋದ ಮೇಲೆ ನೋಡು. ಅಲ್ಲಿ ಓಕರಿಸಿದರೂ ಅಡ್ಡಿಯಿಲ್ಲ. ವಾಪಸು ಬಂದು ಅವರ ಕೈಗೂ ನೀರು, ಸಾಬೂನು ಕೊಡು, ಎಷ್ಟೋ ವಾರ್ಡುಗಳಲ್ಲಿ ಇದನ್ನೇ ಮರೆಯುತ್ತಾರೆ.

ಇನ್ನು ಕರೆಯದಿರುವುದರ ಬಗ್ಗೆ. ಅವರು ಕೇಳಲೆಂದು ಕಾಯಬೇಡ, ನೀನೇ ಹೋಗಿ ಕೇಳು. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ಚಲಿಸುವುದರಿಂದ ಬೆಳಗಿನ ಉಪಾಹಾರವಾಗಿ ಸ್ವಲ್ಪ ಹೊತ್ತಿನಲ್ಲಿ ಒಮ್ಮೆ, ಆಮೇಲೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೋದಾಗಲೆಲ್ಲ ಕೇಳಿದರೆ ಅದು ಪಾಳಿಯ ಕೆಲಸದಂತೆ ಕಾಣುತ್ತದೆ, ಬೇಡಿದಂತೆ ಆಗುವುದಿಲ್ಲ. ನೀರನ್ನು ಹೂಜಿಯಲ್ಲಿ ತುಂಬಿಟ್ಟು ಬರಬೇಡ. ಲೋಟವನ್ನು ಕೈಗೆ ಕೊಟ್ಟು, ತಲೆಯ ಭಾಗ ಎತ್ತರಿಸಿ, ಗುಟುಕು ಇಳಿಯುವವರೆಗೆ ನಿಲ್ಲು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿದವರ ಮಾತು ಬೇರೆ, ಚಾರ್ಟ್ ನೋಡಿಕೋ. ವಯಸ್ಕರಲ್ಲಿ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ಸಿಸ್ಟರ್‌ಗೆ ತಿಳಿಸಲೇಬೇಕು. ನನ್ನ ಮೇಷ್ಟರ ಚಾರ್ಟಿನಲ್ಲಿ ಆ ಅಂಕಿಗಳನ್ನು ಬರೆದವಳು ನಾನೇ. ಬರೆದೆ, ಓದಲಿಲ್ಲ.

ನಿನ್ನ ಅಜ್ಜಿಯ ಕೊನೆಯ ತಿಂಗಳುಗಳ ಕಥೆ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಇಷ್ಟು: ಅಷ್ಟು ವರ್ಷ ಈ ಕೆಲಸ ಮಾಡಿದ ಮಗಳು ಪಕ್ಕದಲ್ಲೇ ಮಲಗಿದ್ದರೂ ಅವರು ರಾತ್ರಿ ನನ್ನನ್ನು ಎಬ್ಬಿಸಲು ಸಂಕೋಚಪಟ್ಟು ಬೆಳಗಿನವರೆಗೆ ತಡೆದುಕೊಳ್ಳುತ್ತಿದ್ದರು. ನನ್ನ ಮುಖದಲ್ಲಿ ಆಗ ಹೇಸಿಗೆ ಇರಲಿಲ್ಲ, ಆಯಾಸ ಇತ್ತು. ಅವರಿಗೆ ಅಷ್ಟೇ ಸಾಕಾಗಿತ್ತು.

ಆ ಹಿರಿಯರ ಬಳಿ ಕ್ಷಮೆ ಕೇಳಬೇಕೇ ಎಂದು ನೀನು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಪ್ರಶ್ನೆ ಅಡಗಿದೆ. ಉದ್ದುದ್ದದ ಮಾತು ಬೇಡ, ಅವರಿಗೆ ಇನ್ನೂ ನಾಚಿಕೆಯಾದೀತು. "ಅವತ್ತು ನಾನು ಹೊಸಬಳು, ನೀವು ತಪ್ಪೇನೂ ಮಾಡಿರಲಿಲ್ಲ" ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗು. ಅಥವಾ ಇದೂ ಬೇಡವೆನಿಸಿದರೆ ಬಿಡು, ಅವರನ್ನು ಕಣ್ಣಾರೆ ಕಂಡವಳು ನೀನು.

ಅವರು ಈಗ ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದಾರೆ ಎಂಬುದನ್ನು ನೀನು ಬರೆದಿಲ್ಲ. ನಾಳೆ ಡ್ಯೂಟಿಗೆ ಹೋದೊಡನೆ ಅವರ ತಲೆಯ ಬಳಿಯ ಹೂಜಿಯನ್ನು ಎತ್ತಿ ನೋಡಿ, ಅದರಲ್ಲಿ ಎಷ್ಟು ಉಳಿದಿತ್ತೆಂದು ನನಗೆ ಬರೆ.

ಇಂತಿ ನಿನ್ನ
ದೊಡ್ಡಮ್ಮ